ಗೇಣುದ್ದದ ವೈರು

ಸಡಿಲವಾಗಿ ನೇತಾಡುವ ವೈರನ್ನು ಕಂಡರೆ ಕರೆಂಟಪ್ಪನವರಿಗೆ ಆಗುತ್ತಿರಲಿಲ್ಲ. ಕೆಲವರಿಗೆ ಹಲ್ಲಿ ಕಂಡರೆ ಆಗುವುದಿಲ್ಲ, ಕೆಲವರಿಗೆ ಹೆಂಡತಿಯ ಕಡೆಯ ನೆಂಟರನ್ನು ಕಂಡರೆ ಆಗುವುದಿಲ್ಲ, ಇವರಿಗೆ ವೈರು. (ನೆಂಟರ ವಿಷಯ ಮುಂದೆ ಬರುತ್ತದೆ.) ಮೂವತ್ತನಾಲ್ಕು ವರ್ಷ ವಿದ್ಯುತ್ ಇಲಾಖೆಯಲ್ಲಿ ವೈರಿಂಗ್ ತಪಾಸಣೆ ಮಾಡಿ ನಿವೃತ್ತರಾದವರು ಅವರು. ಮನೆಯಿರಲಿ, ಅಂಗಡಿಯಿರಲಿ, ಸಿನಿಮಾ ಮಂದಿರವಿರಲಿ, ಇವರು ಬಂದು, ಟೆಸ್ಟರ್ ಚುಚ್ಚಿ, ಎರಡು ಸಲ ಕೆಮ್ಮಿ, 'ಸರಿಯಿದೆ' ಎಂದು ರುಜು ಹಾಕಿದ ಮೇಲೆಯೇ ಅಲ್ಲಿ ದೀಪ ಉರಿಯಬೇಕು. ತಂದೆತಾಯಿ ಇಟ್ಟ ಹೆಸರು ಪಿಂಚಣಿ ಪುಸ್ತಕದೊಳಗೆ ಬೆಚ್ಚಗೆ ಮಲಗಿತ್ತು. ಹೊರಗೆ ಓಡಾಡುತ್ತಿದ್ದುದು ಕರೆಂಟಪ್ಪ ಎಂಬ ಹೆಸರೇ.

"ವೈರು ಎಷ್ಟು ಬೇಕೋ ಅಷ್ಟೇ ಇರಬೇಕು. ಹೆಚ್ಚಿಗೆ ಇದ್ದರೆ ಅದು ವೈರಲ್ಲ, ಕುಂಬಳದ ಬಳ್ಳಿ" ಎಂಬುದು ಅವರ ಸಿದ್ಧಾಂತ. ಇಲಾಖೆಯಲ್ಲಿದ್ದಾಗ ಅದನ್ನು ಊರಿನ ಮೇಲೂ ಮನೆಯ ಮೇಲೂ ಪ್ರಯೋಗಿಸುತ್ತಿದ್ದರು. ನಿವೃತ್ತಿಯಾದ ಮೇಲೆ ಊರು ಬಚಾವಾಯಿತು, ಮನೆಯೊಂದೇ ಸಿಕ್ಕಿಬಿತ್ತು. ಹೊಸ ಯಂತ್ರ ಯಾವುದು ಬಂದರೂ ಮೊದಲು ಅದರ ಬಾಲ ಮೋಟಾಗುತ್ತಿತ್ತು. ಮಿಕ್ಸಿ ಶಾಲೆಯಲ್ಲಿ ಶಿಕ್ಷೆಗೊಳಗಾದ ಹುಡುಗನಂತೆ ಗೋಡೆಗೆ ಮೂಗು ತಾಗಿಸಿಕೊಂಡೇ ಗುರುಗುಟ್ಟುತ್ತಿತ್ತು. ಟೇಬಲ್ ಫ್ಯಾನು ಬಾಗಿಲ ಮೂಲೆ ಬಿಟ್ಟು ಈಚೆ ಬರುವಂತಿರಲಿಲ್ಲವಾದ್ದರಿಂದ, ಕಡು ಬೇಸಿಗೆಯಲ್ಲೂ ಆ ಮನೆಯಲ್ಲಿ ತಣ್ಣಗಿದ್ದ ವಸ್ತುವೆಂದರೆ ಬಾಗಿಲ ಹಿಂದಿನ ಕೊಡೆ ಒಂದೇ. ಚಾರ್ಜಿಗೆ ಹಾಕಿದ ಫೋನಿಗೆ ಕರೆ ಬಂದರೆ ಗೋಡೆಗೆ ಕೆನ್ನೆ ಒತ್ತಿ, ಮೊಣಕಾಲು ಬಗ್ಗಿಸಿ, ಒಂದು ಕೈಯನ್ನು ಆಸರೆಗೆ ಚಾಚಿ ಮಾತಾಡಬೇಕಿತ್ತು. ಎದುರು ಮನೆಯವರು ಕಿಟಕಿಯಿಂದ ಇದನ್ನು ದಿನವೂ ನೋಡಿ, ಬೆನ್ನುನೋವಿಗೆ ಯಾವುದೋ ವ್ಯಾಯಾಮವಿರಬೇಕೆಂದು ತಾವೂ ಶುರುಮಾಡಿ, ಈಗ ನಿಜವಾಗಿ ಬೆನ್ನುನೋವಿನಲ್ಲಿದ್ದಾರೆ.

ಈ ಸಾಮ್ರಾಜ್ಯಕ್ಕೆ ಸೇರದ ಜಾಗ ಮನೆಯಲ್ಲಿ ಒಂದೇ ಇತ್ತು: ಹೆಂಡತಿಯ ಕಂಪ್ಯೂಟರ್ ಮೇಜು. ಹೆಂಡತಿ ಹೊಲಿಗೆ ಶಾಲೆಯ ಟೀಚರಮ್ಮ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಆಕೆ ಒಂದು ದಿನ ಹೇಳಿದ್ದಳು, "ಈ ಮೇಜಿನ ಮೇಲಿನ ವೈರು ಮುಟ್ಟಿದ್ರೆ ನೋಡಿ." ಏನು ನೋಡಬೇಕೆಂದು ಆಕೆ ಹೇಳಲಿಲ್ಲ, ಇವರೂ ಕೇಳಲಿಲ್ಲ. ಕತ್ತರಿ ಹಿಡಿದವರ ಹತ್ತಿರ ವಿವರಣೆ ಕೇಳಬಾರದೆಂಬುದು ಮೂವತ್ತೆಂಟು ವರ್ಷದ ದಾಂಪತ್ಯ ಅವರಿಗೆ ಕಲಿಸಿದ್ದ ಪಾಠ.

ಆದರೆ ಆ ಕಂಪ್ಯೂಟರಿಗೆ ಸೇರಿದ್ದ ಒಂದು ವಸ್ತು ಮಾತ್ರ ಗಡಿಯ ಆಚೆ, ಮಲಗುವ ಕೋಣೆಯ ಬೀರುವಿನಲ್ಲಿತ್ತು. ಕಪ್ಪು ಬಣ್ಣದ, ಸೋಪಿನ ಡಬ್ಬಿಯಷ್ಟು ದೊಡ್ಡ ಡ್ರೈವು. ಅದರೊಳಗಿದ್ದುದು ಟೀಚರಮ್ಮನ ಇಪ್ಪತ್ತೊಂಬತ್ತು ವರ್ಷ. ಆಗತಾನೆ ಹುಟ್ಟಿದ ಕೂಸಿನ ಟೋಪಿಯಿಂದ ಹಿಡಿದು, ಒಂದು ಭುಜ ಎತ್ತರ ಒಂದು ಭುಜ ತಗ್ಗು ಇರುವವರ ಕೋಟಿನ ತನಕ ಇನ್ನೂರ ಹನ್ನೆರಡು ಕಟಿಂಗ್ ನಕ್ಷೆಗಳು. ಕಂದು ಕಾಗದದ ಮೇಲೆ ಬರೆದಿದ್ದ ಮೂಲ ನಕ್ಷೆಗಳನ್ನು ಆಕೆ ಎರಡು ವರ್ಷ ಕೂತು ಸ್ಕ್ಯಾನ್ ಮಾಡಿ ಡ್ರೈವಿಗೆ ತುಂಬಿಸಿ, ಕಾಗದಗಳನ್ನು ವಿದ್ಯಾರ್ಥಿನಿಯರಿಗೆ ಹಂಚಿಬಿಟ್ಟಿದ್ದಳು. ಅವರು ಅವನ್ನು ಬಟ್ಟೆಯ ಮೇಲಿಟ್ಟು, ಗುಂಡುಸೂಜಿ ಚುಚ್ಚಿ, ಸೀಮೆಸುಣ್ಣ ಬಳಿದು, ಕತ್ತರಿಸಿ ಚಿಂದಿ ಮಾಡಿ ಎಷ್ಟೋ ದಿನವಾಗಿತ್ತು. ಈಗ ಉಳಿದಿದ್ದುದು ಡ್ರೈವಿನಲ್ಲಿದ್ದುದಷ್ಟೇ. ತಿಂಗಳ ಕೊನೆಗೆ ಆಕೆಯ ನಿವೃತ್ತಿ. ಅಷ್ಟರೊಳಗೆ ಅದು ಪುಸ್ತಕವಾಗಬೇಕು, ಕೊನೆಯ ತರಗತಿಯ ನಲವತ್ತು ಹೆಣ್ಣುಮಕ್ಕಳ ಕೈಗೆ ಅದನ್ನು ಕೊಟ್ಟು ಶಾಲೆಯಿಂದ ಹೊರಬೀಳಬೇಕು ಎಂಬುದು ಆಕೆಯ ಆಸೆ. ಪ್ರೆಸ್ಸಿನವರು ಒಂದು ದಿನ ಗೊತ್ತುಮಾಡಿದ್ದರು: "ಸಂಜೆ ಐದರೊಳಗೆ ಡ್ರೈವ್ ತಂದು ನಮ್ಮ ಕಂಪ್ಯೂಟರಿಗೆ ತುಂಬಿಸಿ. ಐದಾದ ಮೇಲೆ ಮಿಷಿನ್ನು ಶಾಲಾ ಪಠ್ಯಪುಸ್ತಕಕ್ಕೆ ಹೋಗತ್ತೆ, ಮತ್ತೆ ಕೈಗೆ ಸಿಗೋದು ಆರು ತಿಂಗಳ ಮೇಲೆ."

ಆ ದಿನಕ್ಕೆ ನಾಲ್ಕು ತಿಂಗಳು ಮುಂಚೆ ಕರೆಂಟಪ್ಪನವರು ಬೀರು ಜೋಡಿಸಿದರು. ಡ್ರೈವಿನ ಪಕ್ಕದಲ್ಲಿ ಒಂದು ಗಜ ಉದ್ದದ ವೈರು ಸುರುಳಿ ಸುತ್ತಿಕೊಂಡು ನಿದ್ದೆ ಮಾಡುತ್ತಿತ್ತು. ಒಂದು ಗಜ! ಡ್ರೈವಿನಿಂದ ಕಂಪ್ಯೂಟರಿಗೆ ಗೇಣು ದೂರವಿಲ್ಲ, ಇದಕ್ಕೊಂದು ಗಜವೇ! ಇಕ್ಕಳ ಬಂತು. ಕತ್ತರಿಸಿ ನೋಡಿದರೆ ಒಳಗೆ ನಾಲ್ಕು ಎಳೆ: ಕೆಂಪು, ಕಪ್ಪು, ಹಸಿರು, ಬಿಳಿ. ಕರೆಂಟಪ್ಪನವರ ವಿದ್ಯೆಯಲ್ಲಿ ಕರೆಂಟು ಹೋಗುವುದಕ್ಕೊಂದು, ಬರುವುದಕ್ಕೊಂದು, ಹೀಗೆ ಎರಡು ವೈರು. ಹಸಿರು ಅರ್ತಿಂಗ್, ಸೋಪಿನ ಡಬ್ಬಿಗೆ ಅರ್ತಿಂಗ್ ಏಕೆ? ಬಿಳಿಯದು ಕಂಪನಿಯವರು ಅಂದಕ್ಕೆ ಹಾಕಿದ್ದು. ಹಿಂದೆ ಫೋನಿನ ಚಾರ್ಜರಿನ ವೈರಿನಲ್ಲೂ ಹೀಗೇ ನಾಲ್ಕು ಇದ್ದವು, ಎರಡನ್ನೇ ಜೋಡಿಸಿದ್ದರು, ಫೋನು ಇವತ್ತಿಗೂ ಹೊಟ್ಟೆತುಂಬ ಕುಡಿಯುತ್ತಿದೆ. ಹಾಗಾಗಿ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಬೆಸೆದು, ಮಿಕ್ಕೆರಡನ್ನು ಬುಡಕ್ಕೇ ಕತ್ತರಿಸಿ, ಟೇಪು ಸುತ್ತಿ, ಗೇಣುದ್ದದ ಅಚ್ಚುಕಟ್ಟಾದ ವೈರನ್ನು ಡ್ರೈವಿನ ಪಕ್ಕದಲ್ಲಿಟ್ಟು, ಒಂದು ಲೋಟ ನೀರು ಕುಡಿದು ಮರೆತುಬಿಟ್ಟರು.

ಕೊನೆಗೆ ಆ ದಿನ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಟೀಚರಮ್ಮ ಮುನ್ನುಡಿಯ ಒಂದು ಪುಟ ಸೇರಿಸೋಣವೆಂದು ಡ್ರೈವನ್ನು ಬೀರುವಿನಿಂದ ತೆಗೆದಳು. ವೈರು ನೋಡಿದಳು. ಗಂಡನನ್ನು ನೋಡಿದಳು.

"ಇದನ್ನೂ ಕತ್ತರಿಸಿದ್ರಾ?"

"ಮೇಜಿನ ಮೇಲೆ ಇರಲಿಲ್ಲವಲ್ಲ" ಎಂದರು ಕರೆಂಟಪ್ಪನವರು. ಕಾನೂನಿನ ಪ್ರಕಾರ ಉತ್ತರ ಸರಿಯಾಗಿತ್ತು.

ಆಕೆ ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಡ್ರೈವಿನ ಮೇಲೆ ನೀಲಿ ದೀಪ ಹತ್ತಿತು. ಒಳಗೆ ಗರ್ರ್ ಎಂದು ಏನೋ ತಿರುಗಿತು. ಕಂಪ್ಯೂಟರ್ ಮಾತ್ರ ಎದುರಿಗೆ ಬಂದ ಸಾಲ ಕೊಟ್ಟವನನ್ನು ಕಂಡೂ ಕಾಣದವರಂತೆ ಸುಮ್ಮನೆ ಕೂತಿತ್ತು. ಪರದೆಯ ಮೇಲೆ ಡ್ರೈವಿಲ್ಲ, ಗುರುತಿಲ್ಲ, ಸದ್ದಿಲ್ಲ. ತೆಗೆದು ಮತ್ತೆ ಸಿಕ್ಕಿಸಿದಳು. ಬೇರೆ ತೂತಿಗೆ ಸಿಕ್ಕಿಸಿದಳು. ಹಿಂದಿನ ತೂತಿಗೆ, ಮುಂದಿನ ತೂತಿಗೆ, ಕೊನೆಗೆ ಕಣ್ಣು ಮುಚ್ಚಿಕೊಂಡು ಸಿಕ್ಕಿಸಿದಳು.

"ರೀ, ಇದು ನೀವು ಕತ್ತರಿಸಿದ್ದಕ್ಕೇ ಆಗಿರೋದು."

ಕರೆಂಟಪ್ಪನವರು ಸಿಟ್ಟಾಗಲಿಲ್ಲ. ದೊಡ್ಡ ಮನುಷ್ಯರು ಸಿಟ್ಟಾಗುವುದಿಲ್ಲ, ಮೀಟರ್ ತರುತ್ತಾರೆ. ಕನ್ನಡಕ ಏರಿಸಿ, ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ನಾಡಿ ನೋಡುವ ವೈದ್ಯರಂತೆ ಇಟ್ಟು, ಹೆಂಡತಿಯ ಕಡೆ ತಿರುಗಿಸಿ ತೋರಿಸಿದರು.

"ಓದು."

"ಐದು."

"ಐದು ವೋಲ್ಟ್. ಎಷ್ಟು ಬರಬೇಕು? ಐದು. ಎಷ್ಟು ಬರ್ತಾ ಇದೆ? ಐದು. ದೀಪ ಉರೀತಿದೆಯಾ? ಉರೀತಿದೆ. ದೀಪ ಉರಿದ ಮೇಲೆ ವೈರು ಸರಿ ಇದೆ ಅಂತಲೇ ಅರ್ಥ. ಮೂವತ್ತನಾಲ್ಕು ವರ್ಷದಲ್ಲಿ ಈ ಕೈ ಒಂದೇ ಒಂದು ಸುಳ್ಳು ರುಜು ಹಾಕಿಲ್ಲ. ಬೇಕಾದರೆ ಬರೆದುಕೊಡ್ತೀನಿ."

"ಬೇಡ" ಎಂದಳು ಆಕೆ. ವೈರಿನ ವಿಷಯದಲ್ಲಿ ಅವರೇ ಸರಕಾರ. ಆಕೆ ಸೋತು ತಮ್ಮನಿಗೆ ಫೋನ್ ಮಾಡಿದಳು.

ತಮ್ಮ ಔಷಧಿ ಅಂಗಡಿ ಇಟ್ಟಿದ್ದವನು. ಅಂಗಡಿಯ ಬಿಲ್ಲು ಕಂಪ್ಯೂಟರಿನಲ್ಲಿ ಮಾಡುತ್ತಿದ್ದನಾದ್ದರಿಂದ ಬಂಧುಬಳಗದಲ್ಲೆಲ್ಲ ಕಂಪ್ಯೂಟರ್ ಪಂಡಿತನೆಂದು ಹೆಸರಾಗಿದ್ದ. ಹತ್ತು ನಿಮಿಷದಲ್ಲಿ ಬಂದ. ಬಂದವನು ಡ್ರೈವನ್ನು ಮುಟ್ಟುವ ಮೊದಲು ಅಕ್ಕನ ಮುಖ ನೋಡಿ, "ಯಾವಾಗಿಂದ ಹೀಗಿದೆ?" ಎಂದು ಕೇಳಿದ.

"ಬೆಳಿಗ್ಗೆಯಿಂದ ಕಣೋ."

"ಮುಂಚೆ ಯಾವಾಗಾದರೂ ಆಗಿತ್ತಾ?"

"ಇಲ್ಲ."

"ಭಾವ, ವೈರು ಸರಿ ಇದೆಯಾ?"

"ಐದು ವೋಲ್ಟ್" ಎಂದರು ಕರೆಂಟಪ್ಪನವರು, ಪೇಪರಿನಿಂದ ತಲೆ ಎತ್ತದೆ.

"ಬೇರೆ ವೈರು ಇದ್ದಿದ್ರೆ ಒಂದು ಸಲ ಹಾಕಿ ನೋಡಬಹುದಿತ್ತು. ಆದರೆ ಇದರ ಬಾಯಿ ಹಳೇ ಕಾಲದ್ದು. ಈಗಿನ ವೈರು ಯಾವುದೂ ಹಿಡಿಯಲ್ಲ. ಅಂಗಡೀಲಿ ಕೇಳಿದ್ರೆ ತರಿಸೋಕೆ ಎರಡು ದಿನ ಅಂತಾರೆ."

"ಬೇರೆ ವೈರು ಯಾಕಪ್ಪ? ಇದಕ್ಕೇನಾಗಿದೆ? ಐದು ವೋಲ್ಟ್."

ಭಾವಮೈದ ಚಿಕಿತ್ಸೆಗೆ ತೊಡಗಿದ. ಮೊದಲು ಕಂಪ್ಯೂಟರನ್ನು ಮಲಗಿಸಿ ಎಬ್ಬಿಸಿದ. ಗುಣ ಕಾಣಲಿಲ್ಲ. "ಇನ್ನೊಂದು ಡೋಸ್ ಕೊಡೋಣ" ಎಂದು ಮತ್ತೆ ಮಲಗಿಸಿ ಎಬ್ಬಿಸಿದ. ಆಮೇಲೆ ಡಿಸ್ಕುಗಳ ಪಟ್ಟಿ ತೆಗೆದು ಬೆರಳಿಟ್ಟು ಹುಡುಕಿದ. ಕಂಪ್ಯೂಟರಿನ ಸ್ವಂತ ಡಿಸ್ಕು ಒಂದೇ ಮದುವೆ ಮನೆಯಲ್ಲಿ ಯಾರೂ ಮಾತಾಡಿಸದ ನೆಂಟನಂತೆ ಒಂಟಿಯಾಗಿ ಕೂತಿತ್ತು. ಡ್ರೈವರ್ ಎಂಬ ಹೆಸರಿನದೇನನ್ನೋ ಕಿತ್ತುಹಾಕಿ ಮತ್ತೆ ಹಾಕಿದ. ಅದಾದ ಮೇಲೆ ಕೀಬೋರ್ಡ್ ಕೂಡ ಕೆಲಸ ನಿಲ್ಲಿಸಿತು. ಅದನ್ನು ಸರಿಮಾಡಲು ಮುಕ್ಕಾಲು ಗಂಟೆ ಹಿಡಿಯಿತು. ಕೀಬೋರ್ಡ್ ಸರಿಹೋದಾಗ ಅಕ್ಕತಮ್ಮ ಇಬ್ಬರಿಗೂ ಆದ ಸಂತೋಷ ಎಷ್ಟಿತ್ತೆಂದರೆ, ತಾವು ಹೊರಟಿದ್ದುದು ಡ್ರೈವನ್ನು ಸರಿಮಾಡಲು ಎಂಬುದು ಇಬ್ಬರಿಗೂ ಒಂದು ಗಳಿಗೆ ಮರೆತೇಹೋಗಿತ್ತು. ಕೊನೆಗೆ ಡ್ರೈವನ್ನು ವೈರಿನ ಸಮೇತ ತನ್ನ ಅಂಗಡಿಗೆ ಒಯ್ದು, ಅಲ್ಲಿನ ಕಂಪ್ಯೂಟರಿಗೆ ಹಾಕಿ ನೋಡಿ, ಹನ್ನೆರಡೂವರೆಗೆ ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದ.

"ಅಕ್ಕ, ಗಾಬರಿ ಆಗಬೇಡ" ಎಂದ. ಔಷಧಿ ಅಂಗಡಿಯವರು ಹೀಗೆ ಶುರುಮಾಡಿದರೆ ಗಾಬರಿಯಾಗುವುದೇ ಸರಿ. "ದೀಪ ಉರಿಯತ್ತೆ, ಉಸಿರಾಡತ್ತೆ, ಆದರೆ ಪ್ರಜ್ಞೆ ಇಲ್ಲ. ಒಳಗೆ ಹೋಗಿಬಿಟ್ಟಿದೆ. ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ."

"ಅಂದರೆ ನಕ್ಷೆಗಳು?"

ಅವನು ತಲೆ ತಗ್ಗಿಸಿದ. "ಭಾವ, ನೀವಾದರೂ ಅಕ್ಕನ ಜೊತೆ ಇರಿ" ಎಂದು ಹೇಳಿ, ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾರೆಂದು ಹೊರಟುಹೋದ.

ಕರೆಂಟಪ್ಪನವರು ಪೇಪರನ್ನು ಅಡ್ಡ ಹಿಡಿದು ಬಿರುಗಾಳಿಗೆ ಸಿದ್ಧರಾದರು. ಬಿರುಗಾಳಿ ಬರಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ಪೇಪರಿನ ಅಂಚಿನಿಂದ ಇಣುಕಿದರು. ಆಕೆ ನೆಲದ ಮೇಲೆ ದೊಡ್ಡ ಕಂದು ಕಾಗದ ಹಾಸಿ, ಅಳತೆಪಟ್ಟಿ, ಪೆನ್ಸಿಲು ಹಿಡಿದು ಮಂಡಿಯೂರಿ ಕೂತಿದ್ದಳು. ಒಂದು ಸಣ್ಣ ಕಮಾನು ಎಳೆದಳು. ಒರೆಸಿದಳು. ಮತ್ತೆ ಎಳೆದಳು.

"ಏನೇ ಅದು?"

"ಕೂಸಿನ ಟೋಪಿ."

"ಈಗ್ಯಾಕೆ?"

"ಇನ್ನೂರ ಹನ್ನೆರಡು ಇದೆಯಲ್ಲ" ಎಂದಳು ಆಕೆ, ತಲೆ ಎತ್ತದೆ. "ಎಲ್ಲಿಂದಾದರೂ ಶುರು ಮಾಡಬೇಕಲ್ಲ."

ಬೈದಿದ್ದರೆ ಅವರಿಗೆ ಹಿತವಾಗಿರುತ್ತಿತ್ತು. ಈ ಮೂವತ್ತೆಂಟು ವರ್ಷದಲ್ಲಿ ಆಕೆಯ ಬೈಗುಳಕ್ಕೆ ತಕ್ಕ ಚರ್ಮ ಅವರಿಗೆ ಬೆಳೆದಿತ್ತು, ಸುಮ್ಮನಿರುವುದಕ್ಕೆ ಬೆಳೆದಿರಲಿಲ್ಲ. ಪೇಪರ್ ಮಡಿಸಿಟ್ಟು, ಡ್ರೈವಿನ ಬೆನ್ನಿನ ಮೇಲೆ ಇರುವೆಯ ಕಾಲಿನಷ್ಟು ಸಣ್ಣದಾಗಿ ಬರೆದಿದ್ದ ಸಹಾಯವಾಣಿಯ ನಂಬರನ್ನು ಭೂತಗನ್ನಡಿಯಲ್ಲಿ ಓದಿಕೊಂಡು, ಅಡುಗೆಮನೆಗೆ ಹೋಗಿ, ಚಾರ್ಜಿನಲ್ಲಿದ್ದ ಫೋನಿನ ಪಕ್ಕ ಗೋಡೆಗೆ ಕೆನ್ನೆ ಒತ್ತಿ ನಿಂತರು. ಒಂದು ಒತ್ತಿ, ಮೂರು ಒತ್ತಿ, ಒಂಬತ್ತು ಒತ್ತಿ, ಇಪ್ಪತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬ ಹೆಣ್ಣುಮಗಳ ದನಿ ಬಂತು. ಜೇನಿನಲ್ಲಿ ಅದ್ದಿ ಒಣಗಿಸಿದಂಥ ದನಿ.

"ಸರ್, ಕೇಬಲ್ ಬದಲಾಯಿಸಿ ನೋಡಿದ್ರಾ?"

"ಕೇಬಲ್ ನಾನೇ ಖುದ್ದಾಗಿ ಪರೀಕ್ಷೆ ಮಾಡಿದೀನಮ್ಮ. ನಾನು ಇಲಾಖೆಯವನು. ಐದು ವೋಲ್ಟ್ ಸರಿಯಾಗಿ ಬರ್ತಾ ಇದೆ."

"ಅದು ಕರೆಂಟು ಸರ್. ಕೆಂಪು, ಕಪ್ಪು ವೈರಿನಲ್ಲಿ ಕರೆಂಟು ಹೋಗತ್ತೆ, ಅದರಿಂದ ದೀಪ ಉರಿಯತ್ತೆ. ಆದರೆ ಡ್ರೈವು ಕಂಪ್ಯೂಟರಿನ ಹತ್ತಿರ ಮಾತಾಡೋದು ಇನ್ನೆರಡು ವೈರಿನಲ್ಲಿ. ಹಸಿರು, ಬಿಳಿ. ಅವು ಎಲ್ಲಾದರೂ ತುಂಡಾಗಿದ್ರೆ ಡ್ರೈವು ಚೆನ್ನಾಗಿದ್ರೂ ಕಂಪ್ಯೂಟರಿಗೆ ಗೊತ್ತೇ ಆಗಲ್ಲ."

ನಲ್ಲಿಯಿಂದ ಒಂದು ಹನಿ ಬಿತ್ತು.

"ಸರ್? ಸರ್, ಲೈನ್‌ನಲ್ಲಿ ಇದ್ದೀರಾ?"

ಲೈನಿನಲ್ಲಿದ್ದರು. ಆದರೆ ನಾಲ್ಕು ತಿಂಗಳ ಹಿಂದಕ್ಕೆ ಹೋಗಿ, ಬೀರುವಿನ ಮುಂದೆ ಇಕ್ಕಳ ಹಿಡಿದು ನಿಂತಿದ್ದ ಒಬ್ಬ ಮನುಷ್ಯನ ಕೈ ಹಿಡಿಯಲು ಓಡುತ್ತಿದ್ದರು. ತಲುಪುವಷ್ಟರಲ್ಲಿ ಅವನು ಟೇಪು ಸುತ್ತಿ ಮುಗಿಸಿದ್ದ.

ಈಗ ಹೋಗಿ ಹೇಳಿಬಿಡಬಹುದಿತ್ತು. 'ನಾನು ಎರಡು ವೈರು ಬಿಟ್ಟಿದ್ದೆ' ಎಂಬುದು ನಾಲ್ಕು ಪದಗಳ ವಾಕ್ಯ. ಮೂವತ್ತನಾಲ್ಕು ವರ್ಷದ ಖ್ಯಾತಿ ಬಾಗಿಲಿಗೆ ಅಡ್ಡ ನಿಂತು, 'ನಾಲ್ಕು ಪದ ಜಾಸ್ತಿಯಾಯಿತು' ಎಂದಿತು. ಕರೆಂಟಪ್ಪನವರು ವೈರನ್ನು ಜೇಬಿಗಿಳಿಸಿ, ಸೋಲ್ಡರಿಂಗ್ ಐರನ್ನನ್ನು ಟವೆಲಿನಲ್ಲಿ ಸುತ್ತಿ, "ಸ್ನಾನ ಮಾಡಿ ಬರ್ತೀನಿ" ಎಂದು ಬಚ್ಚಲುಮನೆ ಸೇರಿ ಚಿಲಕ ಹಾಕಿದರು. (ಆಗಲೇ ಒಮ್ಮೆ ಸ್ನಾನವಾಗಿತ್ತು. ಶೋಕದಲ್ಲಿದ್ದ ಹೆಂಡತಿ ಗಮನಿಸಲಿಲ್ಲ.)

ಬಚ್ಚಲಿನಲ್ಲಿ ಪ್ಲಗ್ಗು ಇದ್ದುದು ಕನ್ನಡಿಯ ಮೇಲೆ. ಸೋಲ್ಡರಿಂಗ್ ಐರನ್ನಿನ ವೈರೂ ಮನೆಯ ಸಿದ್ಧಾಂತಕ್ಕೆ ಒಳಪಟ್ಟದ್ದಾದ್ದರಿಂದ ಮೂರಡಿ ಎತ್ತರದ ಸ್ಟೂಲಿನ ಮೇಲೆ ನಿಂತು, ಗಲ್ಲವನ್ನು ಕನ್ನಡಿಯ ಚೌಕಟ್ಟಿಗೆ ಆನಿಸಿ, ಸೋಪಿನ ಸ್ಟ್ಯಾಂಡನ್ನೇ ಮೇಜು ಮಾಡಿಕೊಂಡು ಬೆಸೆಯಬೇಕಾಯಿತು. ಎಳೆಗಳೋ, ಬೋಳುತಲೆಯವರು ಆಸೆಯಿಂದ ಎಣಿಸಿಟ್ಟುಕೊಂಡ ಕೂದಲಿನಷ್ಟು ಸಣ್ಣ. ಅವತ್ತು ಹಸಿರು, ಬಿಳಿಯನ್ನು ಬುಡಕ್ಕೇ ಕತ್ತರಿಸಿದ್ದರು. ಅವು ಕೈಗೆ ಸಿಗಬೇಕಾದರೆ ಕೆಂಪು, ಕಪ್ಪನ್ನೂ ಅಷ್ಟೇ ಹಿಂದಕ್ಕೆ ಕತ್ತರಿಸಬೇಕು. ಕತ್ತರಿಸಿದರು. ಮೊದಲ ಸಲ ಬಿಳಿ ಹೋಗಿ ಕೆಂಪಿಗೆ ಅಂಟಿತು, ಮತ್ತೆ ಕತ್ತರಿಸಿದರು. ಎರಡನೇ ಸಲ ಹಸಿರು ಹೋಗಿ ಕಪ್ಪಿಗೆ ಅಂಟಿತು, ಮತ್ತೆ ಕತ್ತರಿಸಿದರು.

"ರೀ, ಒಳಗೆ ಏನು ಸುಡ್ತಾ ಇದೆ?"

"ನೀರು ಸ್ವಲ್ಪ ಜಾಸ್ತಿ ಬಿಸಿಯಾಯ್ತು."

"ನೀರು ಬಿಸಿಯಾದರೆ ಹೊಗೆ ಬರತ್ತಾ?"

"ಆವಿ ಕಣೇ, ಆವಿ!"

ನೀಲಿ ಬಣ್ಣದ, ಕಣ್ಣುರಿಸುವ ಆ ಆವಿ ಬಾಗಿಲ ಸಂದಿಯಿಂದ ತೆವಳಿಕೊಂಡು ಹೊರಗೆ ಬಂದು, ಕಂದು ಕಾಗದದ ಮೇಲೆ ಮೂರನೇ ನಕ್ಷೆ ಎಳೆಯುತ್ತಿದ್ದ ಟೀಚರಮ್ಮನನ್ನು ಎರಡು ಸಲ ಸೀನಿಸಿ, ಕಿಟಕಿಯಿಂದ ಹೊರಟುಹೋಯಿತು. ಕರೆಂಟಪ್ಪನವರು ಹೊರಬಂದಾಗ ಎರಡು ಗಂಟೆ ಹೊಡೆದಿತ್ತು. ಗೇಣುದ್ದವಿದ್ದ ವೈರು ನಾಲ್ಕು ಬೆರಳಗಲವಾಗಿತ್ತು. ಎರಡು ತುದಿಗಳ ನಡುವೆ ವೈರಿಗಿಂತ ಟೇಪೇ ಹೆಚ್ಚು.

ಕಂಪ್ಯೂಟರಿನ ಪಕ್ಕ ಮೂರು ದಪ್ಪ ಪುಸ್ತಕ ಒಟ್ಟಿ, ಡ್ರೈವನ್ನು ತೂತಿನ ಎತ್ತರಕ್ಕೆ ಏರಿಸಿ, ವೈರು ಸಿಕ್ಕಿಸಿದರು. ದೀಪ ಹತ್ತಿತು. ಗರ್ರ್ ಎಂದಿತು. ಆಮೇಲೆ ಕಂಪ್ಯೂಟರ್ 'ಟಿಣಿಂಗ್' ಎಂದಿತು.

ಟೀಚರಮ್ಮನ ಕೈಯಿಂದ ಪೆನ್ಸಿಲು ಬಿತ್ತು. ಪರದೆಯ ಮೇಲೆ ಇನ್ನೂರ ಹನ್ನೆರಡು ನಕ್ಷೆಗಳು ಶಾಲೆ ಬಿಟ್ಟ ಮಕ್ಕಳಂತೆ ಸಾಲುಗಟ್ಟಿ ಬಂದವು. ಆಕೆ ಒಂದೊಂದನ್ನೂ ತೆರೆದು ನೋಡಿದಳು. ಎತ್ತರ ತಗ್ಗು ಭುಜದವರ ಕೋಟು ಬಂದಾಗ ಕಣ್ಣೊರೆಸಿಕೊಂಡಳು.

"ಏನು ಮಾಡಿದ್ರಿ? ಏನಾಗಿತ್ತು?"

ಇಲ್ಲಿ ಕರೆಂಟಪ್ಪನವರಿಗೆ ಸತ್ಯ ಹೇಳುವ ಎರಡನೇ ಅವಕಾಶ ಸಿಕ್ಕಿತು. ಅವರು ಅದನ್ನು ಬಹಳ ಗೌರವದಿಂದ ಪಕ್ಕಕ್ಕೆ ಸರಿಸಿದರು.

"ಡ್ರೈವಿನ ಒಳಗೆ ಒಂದು ಕನೆಕ್ಷನ್ನು ಬಿಟ್ಟುಹೋಗಿತ್ತು. ಕಂಪನಿಯವರ ತಪ್ಪು. ನಮ್ಮಂಥೋರ ಕಣ್ಣಿಗೆ ಬಿದ್ದಿದ್ದಕ್ಕೆ ಆಯ್ತು."

"ವೈರು ಇನ್ನೂ ಗಿಡ್ಡ ಆಗಿದೆಯಲ್ಲ?"

"ತುದಿ ಸ್ವಲ್ಪ ಸವೆದಿತ್ತು. ಒಪ್ಪ ಮಾಡಿದೆ."

ಆಕೆ ಕೂಡಲೇ ತಮ್ಮನಿಗೆ ಫೋನ್ ಮಾಡಿದಳು. "ನೀನು ಕೈಬಿಟ್ಟಿದ್ದನ್ನ ನಿಮ್ಮ ಭಾವ ಬದುಕಿಸಿದ್ರು ಕಣೋ! ಹೂಂ, ಒಬ್ಬರೇ! ಸ್ನಾನ ಮಾಡ್ಕೊಂಡು ಬಂದು ಕೈ ಇಟ್ರು ನೋಡು, ಅಷ್ಟೇ!" ಪ್ರೆಸ್ಸಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೆ ಹೇಳಿದಳು. ಆ ಹೆಂಗಸು ಇಳಿದುಹೋದ ಮೇಲೆ ಕಂಡಕ್ಟರನಿಗೆ ಹೇಳಿದಳು. ಮೂವತ್ತೆಂಟು ವರ್ಷದಲ್ಲಿ ಗಂಡನ ಬಗ್ಗೆ ಆಕೆ ಆಡಿದ ಹೊಗಳಿಕೆಯನ್ನೆಲ್ಲ ಕೂಡಿಸಿದರೂ ಎರಡು ಬಸ್ ಸ್ಟಾಪಿನಷ್ಟಾಗುತ್ತಿರಲಿಲ್ಲ. ಇವತ್ತು ಹನ್ನೊಂದು ಸ್ಟಾಪು ಬಂತು. ಕರೆಂಟಪ್ಪನವರು ಕಿಟಕಿಯ ಹೊರಗೆ ನೋಡುತ್ತ, ಡ್ರೈವನ್ನು ತೊಡೆಯ ಮೇಲೆ ಮೊಟ್ಟೆಯಂತೆ ಇಟ್ಟುಕೊಂಡು ಕೂತಿದ್ದರು. ಹೊಗಳಿಕೆ ಹಿತವಾಗಿಯೇ ಇತ್ತು. ಮೈಯಲ್ಲಿ ಎಲ್ಲೋ ಒಂದು ಕಡೆ, ಬೇರೆಯವರ ಅಂಗಿ ತೊಟ್ಟುಕೊಂಡಾಗ ಆಗುವಂತೆ, ಸ್ವಲ್ಪ ಬಿಗಿಯುತ್ತಿತ್ತು ಅಷ್ಟೆ.

ಮೂರೂ ನಲವತ್ತಕ್ಕೆ ಪ್ರೆಸ್ ತಲುಪಿದರು. ಪ್ರೆಸ್ಸಿನ ಯಜಮಾನ ಬೆರಳ ತುಂಬ ಮಸಿ ಮೆತ್ತಿಕೊಂಡ, ಮಾತು ಕಡಿಮೆಯ ಮನುಷ್ಯ. ಕಾಗದದ ಧೂಳಿಗೆ ಹೆದರಿ ತನ್ನ ಕಂಪ್ಯೂಟರನ್ನು ಮೇಜಿನ ಕೆಳಗೆ ಒಂದು ಮರದ ಪೆಟ್ಟಿಗೆಯೊಳಗೆ ಕೂರಿಸಿ, ನಾಲ್ಕೂ ಕಡೆ ಮೊಳೆ ಹೊಡೆದುಬಿಟ್ಟಿದ್ದ. ಪೆಟ್ಟಿಗೆಯ ಪಕ್ಕದಲ್ಲಿ ಕೈ ತೂರುವಷ್ಟು ದೊಡ್ಡ ಒಂದು ಕಿಂಡಿ. ವೈರು ಸಿಕ್ಕಿಸುವ ತೂತು ಆ ಕಿಂಡಿಯಿಂದ ಎರಡಡಿ ಒಳಗೆ, ಕತ್ತಲಲ್ಲಿ.

"ವೈರು ಕೊಡಿ" ಎಂದ.

ಕೊಟ್ಟರು. ಅವನು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದ. "ಉಳಿದಿದ್ದು ಎಲ್ಲಿ?"

"ಅಷ್ಟೇ ಇರೋದು."

"ಅಷ್ಟೇನಾ?" ಅವನು ಗಡಿಯಾರ ನೋಡಿದ. "ಐದಕ್ಕೆ ಮಿಷಿನ್ನು ಹೋಗತ್ತಮ್ಮ. ಪೆಟ್ಟಿಗೆ ಬಿಚ್ಚೋಕೆ ಬಡಗಿ ಬರಬೇಕು, ಅವನು ಬರೋದು ನಾಳೆ. ಒಳಗೆ ಡ್ರೈವ್ ಇಡೋಕೆ ಜಾಗ ಇಲ್ಲ. ನೇತಾಡಿಸಿದ್ರೆ ಆ ಬೆಸುಗೆ ಕಿತ್ಕೊಂಡು ಬರತ್ತೆ. ಒಂದೇ ದಾರಿ. ಯಾರಾದರೂ ಕೈ ಒಳಗೆ ಹಾಕಿ ಹಿಡ್ಕೊಂಡಿರಬೇಕು. ಅಲುಗಾಡಬಾರದು."

ಟೀಚರಮ್ಮ ಗಂಡನ ಕಡೆ ನೋಡಿದಳು. ಆ ನೋಟದಲ್ಲಿ ಹನ್ನೊಂದು ಸ್ಟಾಪಿನ ಅಭಿಮಾನ ಇನ್ನೂ ಆರಿರಲಿಲ್ಲ.

ಹೀಗೆ, ಊರಿನ ಅರ್ಧ ಕಟ್ಟಡಗಳಿಗೆ ಬೆಳಕಿನ ಅನುಮತಿ ಕೊಟ್ಟಿದ್ದ ಕರೆಂಟಪ್ಪನವರು ಅಂಗಿಯ ತೋಳು ಮಡಿಸಿ, ಮೇಜಿನ ಕೆಳಗೆ ತೂರಿ, ಕಾಗದದ ಚೂರುಗಳ ಮೇಲೆ ಮಗ್ಗುಲಾಗಿ ಮಲಗಿ, ಭುಜದವರೆಗೆ ಕೈಯನ್ನು ಕಿಂಡಿಯೊಳಗೆ ಇಳಿಸಿ, ಡ್ರೈವನ್ನು ಕತ್ತಲಲ್ಲಿ ಎತ್ತಿ ಹಿಡಿದರು. ಒಂದು ಗಜದ ವೈರಿನಲ್ಲಿ ಕಡಿಮೆಯಾಗಿದ್ದಷ್ಟು ಉದ್ದವನ್ನು ಅವರ ತೋಳೇ ತುಂಬಿಕೊಟ್ಟಿತು. ಮೇಲೆ 'ಟಿಣಿಂಗ್' ಎಂದಿತು. ಒಂದು ಸಲ ಮೂಗು ತುರಿಸಿತೆಂದು ಸ್ವಲ್ಪ ಅಲುಗಿದರು, ಮೇಲಿಂದ "ಅಯ್ಯೋ ನಿಂತೋಯ್ತು!" ಎಂಬ ಕೂಗು ಬಂತು. ಆಮೇಲೆ ಮೂಗನ್ನು ಅದರ ಪಾಡಿಗೆ ಬಿಟ್ಟರು.

"ಎಷ್ಟು ಹೊತ್ತು ತೋರಿಸ್ತಿದೆ?" ಟೀಚರಮ್ಮನ ದನಿ.

"ಒಂದು ಗಂಟೆ ಹತ್ತು ನಿಮಿಷ" ಎಂದ ಯಜಮಾನ. "ಐದಕ್ಕೆ ಸರಿಯಾಗತ್ತೆ. ಅಷ್ಟರಲ್ಲಿ ಒಂದು ಕೆಲಸ ಮಾಡಿ. ವಂದನೆಗಳ ಪುಟದಲ್ಲಿ ಕೆಳಗೆ ಎರಡು ಸಾಲು ಜಾಗ ಖಾಲಿ ಇದೆ. ಏನಾದರೂ ಬರೀಬೇಕಾ?"

"ಬರೀಬೇಕು!" ಎಂದಳು ಆಕೆ. ಗಂಟಲು ಸರಿಮಾಡಿಕೊಂಡಳು. "ಬರ್ಕೊಳ್ಳಿ. 'ಕಂಪನಿಯವರ ತಪ್ಪಿನಿಂದ ಕೈತಪ್ಪಿಹೋಗಲಿದ್ದ ಈ ಪುಸ್ತಕವನ್ನು, ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಒಂದೇ ಒಂದು ಸುಳ್ಳು ರುಜುವನ್ನೂ ಹಾಕದ ನನ್ನ ಪತಿ...'"

ಮೇಜಿನ ಕೆಳಗಿಂದ ಒಂದು ಕೆಮ್ಮು ಕೇಳಿಸಿತು.

"'...ಏಕಾಂಗಿಯಾಗಿ ಉಳಿಸಿಕೊಟ್ಟರೆಂದು ತಿಳಿಸಲು...' ಎಷ್ಟು ಪ್ರತಿ ಅಂದ್ರಿ?"

"ಐನೂರು."

ಐನೂರು ಪ್ರತಿ! ಹೆಂಡತಿಗೆ ಹೇಳಿದ ಸುಳ್ಳು ಮನೆಯ ವಿಷಯ. ಬಸ್ಸಿನಲ್ಲಿ ಹೇಳಿದ್ದು ಬಸ್ಸಿನೊಂದಿಗೆ ಮುಂದೆ ಹೋಯಿತು. ಆದರೆ ಸುಳ್ಳು ರುಜು ಹಾಕದವನೆಂಬ ಮಾತೇ ಒಂದು ಸುಳ್ಳಿಗೆ ರುಜುವಾಗಿ ಐನೂರು ಸಲ ಅಚ್ಚಾಗುವುದನ್ನು ಕರೆಂಟಪ್ಪನವರ ಇಲಾಖಾ ರಕ್ತ ತಡೆದುಕೊಳ್ಳಲಿಲ್ಲ. ನಲವತ್ತು ಹೆಣ್ಣುಮಕ್ಕಳು ಅದನ್ನು ಓದುವುದು, ಅವರಲ್ಲಿ ಯಾರಿಗೋ ವೈರಿನ ಬಗ್ಗೆ ಗೊತ್ತಿರುವುದು, ಎಲ್ಲ ಒಂದೇ ಗಳಿಗೆಯಲ್ಲಿ ಕಣ್ಣಮುಂದೆ ಬಂತು.

"ಇವಳೇ" ಎಂದರು ಕೆಳಗಿನಿಂದ.

"ಏನ್ರೀ? ಕೈ ನೋವಾ?"

"ಅದನ್ನ ಬರೆಸಬೇಡ."

"ಯಾಕೆ? ಸಂಕೋಚಾನಾ?"

"ಅಲ್ಲ. ಕಂಪನಿಯವರ ತಪ್ಪಲ್ಲ. ನಾನು ಎರಡು ವೈರು ಬಿಟ್ಟಿದ್ದೆ. ಹಸಿರು, ಬಿಳಿ. ಅಂದಕ್ಕೆ ಹಾಕಿರೋದು ಅಂದುಕೊಂಡೆ."

ಪಕ್ಕದ ಕೋಣೆಯ ಮುದ್ರಣ ಯಂತ್ರ ಅದೇ ಹೊತ್ತಿಗೆ ನಿಂತುಬಿಟ್ಟಿತು. ಮೇಜಿನ ಕೆಳಗಿನಿಂದ ಕರೆಂಟಪ್ಪನವರಿಗೆ ಕಾಣುತ್ತಿದ್ದುದು ಹೆಂಡತಿಯ ಎರಡು ಚಪ್ಪಲಿ ಮಾತ್ರ. ಅವು ನಿಧಾನವಾಗಿ ಇವರ ಕಡೆ ತಿರುಗಿದವು.

"ಬೆಳಿಗ್ಗೆ ನಾನು ಕೇಳಿದಾಗ?" ಎಂದಿತು ದನಿ.

"ಆಗ ಗೊತ್ತಿರಲಿಲ್ಲ."

"ನಾನು ಟೋಪಿ ಬರೀತಾ ಕೂತಿದ್ದಾಗ?"

"ಆಗಲೂ ಗೊತ್ತಿರಲಿಲ್ಲ."

"ಸ್ನಾನಕ್ಕೆ ಹೋದಾಗ?"

ಕರೆಂಟಪ್ಪನವರು ಡ್ರೈವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು.

"ಆ ಎರಡು ಸಾಲು ಹೊಡೆದುಹಾಕಲಾ?" ಎಂದು ಯಜಮಾನ ಮೆಲ್ಲಗೆ ಕೇಳಿದ.

"ಇರಲಿ. ಏನು ಬರೀಬೇಕು ಅಂತ ಕೊನೇಲಿ ಹೇಳ್ತೀನಿ" ಎಂದಳು ಆಕೆ. "ಈಗ ಎಷ್ಟು ಹೊತ್ತು ತೋರಿಸ್ತಿದೆ?"

"ಒಂದು ಗಂಟೆ ಎರಡು ನಿಮಿಷ."

"ಅಷ್ಟರ ತನಕ ಅವರು ಕೈ ತೆಗೆಯೋ ಹಾಗಿಲ್ಲ, ಅಲ್ವಾ?"

"ತೆಗೆದರೆ ಮತ್ತೆ ಮೊದಲಿನಿಂದ ಶುರು."

ಕುರ್ಚಿ ಎಳೆಯುವ ಸದ್ದಾಯಿತು. ಚಪ್ಪಲಿಗಳು ಮೇಜಿನ ಹತ್ತಿರಕ್ಕೆ ಬಂದು, ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಕೂತವು. ಮೂವತ್ತೆಂಟು ವರ್ಷದಿಂದ ಆಕೆ ವೈರಿನ ವಿಷಯ ಎತ್ತಿದಾಗಲೆಲ್ಲ 'ತಾಳು, ಹೊರಗೆ ಯಾರೋ ಬಂದ ಹಾಗಿದೆ' ಎಂದು ಎದ್ದುಹೋಗುತ್ತಿದ್ದ ಮನುಷ್ಯ ಮೊಟ್ಟಮೊದಲ ಬಾರಿಗೆ ಆಕೆಯ ಕಾಲ ಬಳಿ, ಭುಜದವರೆಗೆ ಕಿಂಡಿಯಲ್ಲಿ ಸಿಕ್ಕಿಕೊಂಡು, ಎರಡೂ ಕಿವಿ ಹೊರಗಿಟ್ಟು ಮಲಗಿದ್ದರು. ಇಂಥ ಅವಕಾಶ ಹೆಂಗಸರಿಗೆ ಜನ್ಮಕ್ಕೊಂದು ಸಲ ಬರುತ್ತದೆ. ಬಹಳ ಜನಕ್ಕೆ ಅದೂ ಬರುವುದಿಲ್ಲ.

"ಮದುವೆಯಾಗಿ ಮೂರನೇ ತಿಂಗಳು" ಎಂದು ಆಕೆ ಶುರುಮಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಮಕ್ಕಳಿಗೆ ಅಳತೆ ಹೇಳಿಕೊಡುವಾಗಿನ ದನಿ. "ನಮ್ಮಪ್ಪ ಕೊಟ್ಟಿದ್ದ ಇಸ್ತ್ರಿ ಪೆಟ್ಟಿಗೆ. ವೈರು ಎಷ್ಟು ಗಿಡ್ಡ ಮಾಡಿದ್ರಿ ಅಂದ್ರೆ ಅಂಗಿಯ ಎಡಗಡೆ ಮಾತ್ರ ಇಸ್ತ್ರಿ ಆಗ್ತಿತ್ತು. ಎರಡು ವರ್ಷ ನೀವು ಆಫೀಸಿಗೆ ಹಾಗೇ ಹೋದ್ರಿ. ನಾನು ಹೇಳಲಿಲ್ಲ. ಆಮೇಲೆ ನಮ್ಮಮ್ಮನ ಕಿವಿ ಮಿಷಿನ್ನು. ಡಬ್ಬಿ ಜೇಬಲ್ಲಿರತ್ತೆ, ಕಿವಿ ಮೇಲಿರತ್ತೆ, ಮಧ್ಯೆ ಒಂದು ವೈರು ಬೇಕಾಗತ್ತೆ ಅಂತ ನಿಮಗೆ ಹೊಳೀಲಿಲ್ಲ. ಪಾಪ, ಅಮ್ಮ ಕೊನೇ ತನಕ ಗಲ್ಲವನ್ನ ಎದೆಗೆ ಒತ್ತಿಕೊಂಡೇ ಎಲ್ಲರ ಮಾತು ಕೇಳಿದ್ಲು. ಊರವರು, ಎಂಥ ವಿನಯ, ಎಂಥ ವಿನಯ, ಅಂದ್ರು."

ಪ್ರೆಸ್ಸಿನ ಯಜಮಾನ ಮಸಿಯ ಕೈಯಲ್ಲೇ ಒಂದು ಸ್ಟೂಲು ಎಳೆದುಕೊಂಡು ಕೂತ. "ಆಮೇಲೆ?" ಎಂದ. ಮಾತು ಕಡಿಮೆಯ ಮನುಷ್ಯ ಅಂದು ಕೆಲಸಕ್ಕೆ ಸಂಬಂಧವಿಲ್ಲದೆ ಆಡಿದ ಮಾತು ಅದೊಂದೇ.

"ಆಮೇಲೆ ಬಾಗಿಲ ಗಂಟೆ. ಅದರ ಗುಂಡಿಯನ್ನ ವೈರು ಉಳಿಸೋಕೆ ಒಳಗಡೆ ಗೋಡೆಗೆ ಹಾಕಿದ್ರು. ಮನೆಯೊಳಗೆ ಇರೋರು ಮಾತ್ರ ಒತ್ತಬಹುದಿತ್ತು."

ಕರೆಂಟಪ್ಪನವರ ತೋಳು ಜೋಮು ಹಿಡಿದು ಯಾರದೋ ತೋಳಾಗಿತ್ತು. ಮೂಗಿನ ತುದಿಯಲ್ಲಿ ಕಾಗದದ ಒಂದು ಚೂರು ಕೂತಿತ್ತು. ಕೈಯಲ್ಲಿ ಇನ್ನೂರ ಹನ್ನೆರಡು ನಕ್ಷೆಗಳು ಬೆಚ್ಚಗೆ ಗರ್ರ್ ಎನ್ನುತ್ತಿದ್ದವು. ತಡೆಯಲಾರದೆ ಕೇಳಿದರು, "ಮುಗಿಯೋಕೆ ಇನ್ನೂ ಎಷ್ಟಿದೆ?"

ಯಜಮಾನ ಪರದೆ ನೋಡಲು ಕತ್ತು ತಿರುಗಿಸಿದ. ಅವನಿಗಿಂತ ಮೊದಲು ಟೀಚರಮ್ಮನೇ ಉತ್ತರ ಕೊಟ್ಟಳು.

"ಈಗಿನ್ನೂ ಮದುವೆಯಾದ ಮೂರನೇ ವರ್ಷದಲ್ಲಿದೀನಿ. ಸುಮ್ಮನೆ ಹಿಡ್ಕೊಂಡಿರಿ."